ಲಸಿಕೆ ಹಾಕಿಸಿದರೂ ಮರಿ ಸತ್ತಿದ್ದೇಕೆ? ತಾಯಿ ಕೋಳಿಯ ಲೆಕ್ಕವನ್ನೂ ನೋಡಿ

ಕೋಳಿ ಸಾಕುವವರು ನಾಲ್ಕು ಜನ ಸೇರಿದರೆ ಒಂದು ದೂರು ಬಂದೇ ಬರುತ್ತದೆ. "ಏಳನೇ ದಿನಕ್ಕೇ ಲಸೋಟಾ ಹಾಕಿಸಿದ್ದೆ, ಆದ್ರೂ ಕೊಕ್ಕರೆ ರೋಗ ಬಂತು." ಲಸೋಟಾ ಅಂದರೆ ಕೊಕ್ಕರೆ ರೋಗದ ಲಸಿಕೆ, ಕೊಕ್ಕರೆ ರೋಗ ಅಂದರೆ ರಾಣಿಖೇತ್. ಹಸಿರು ಭೇದಿ ಮಾಡಿಕೊಂಡು, ಕತ್ತು ತಿರುಚಿಕೊಂಡು ಗುಂಪಿಗೆ ಗುಂಪೇ ಮಲಗಿಬಿಡುವ ಕಾಯಿಲೆ. ದೂರಿನ ಹಿಂದೆಯೇ ಕಾರಣಗಳೂ ಬರುತ್ತವೆ. ಬಾಟಲಿ ಬಿಸಿಲಲ್ಲಿ ಬಂದಿರಬೇಕು, ಐಸ್ ಕರಗಿರಬೇಕು, ಅಂಗಡಿಯವನು ಹಳೇ ಸ್ಟಾಕ್ ಕೊಟ್ಟಿರಬೇಕು. ಇವೆಲ್ಲ ನಿಜವೂ ಇರಬಹುದು. ಆದರೆ ಆ ಮರಿಯ ತಾಯಿ ಯಾವುದು, ಅದಕ್ಕೆ ಯಾವ ಲಸಿಕೆ ಯಾವಾಗ ಬಿದ್ದಿತ್ತು ಅಂತ ಕೇಳುವವರು ಕಡಿಮೆ.

ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು. ಮೊಟ್ಟೆಯೊಡೆದು ಬಂದ ಮರಿಯ ಮೈಯಲ್ಲಿರುವ ಆಂಟಿಬಾಡಿ (ರೋಗಾಣುವನ್ನು ಹಿಡಿದು ತಡೆಯುವ ಪ್ರೋಟೀನ್) ಮೊದಲ ಎರಡು ವಾರ ಬಹುಪಾಲು ತಾಯಿಯದ್ದು. ರೋಗದಿಂದ ಕಾಯುವುದು ಅದೇ. ಕೆಲವೊಮ್ಮೆ ನಾವು ಹಾಕಿದ ಲಸಿಕೆ ಹಿಡಿಯದಂತೆ ಮಾಡುವುದೂ ಅದೇ.

ಈ ವಿಷಯ ಹೊಸದೇನಲ್ಲ. 1893ರಲ್ಲೇ ಜರ್ಮನಿಯ ಫೆಲಿಕ್ಸ್ ಕ್ಲೆಂಪರರ್ ಎಂಬ ವೈದ್ಯ ಕೋಳಿಗಳಿಗೆ ಧನುರ್ವಾಯು ವಿರುದ್ಧ ಶಕ್ತಿ ಬರುವಂತೆ ಮಾಡಿದ. ಆಮೇಲೆ ಅವುಗಳ ಮೊಟ್ಟೆಯ ಹಳದಿಯನ್ನು ಇಲಿಗಳಿಗೆ ಕೊಟ್ಟ. ಇಲಿಗಳು ಧನುರ್ವಾಯುವಿನಿಂದ ಉಳಿದವು. ಕೋಳಿಯ ರಕ್ತದಲ್ಲಿ ಹುಟ್ಟಿದ ರಕ್ಷಣೆ ಹಳದಿಯೊಳಗೆ ಹೋಗಿ ಕೂತಿದೆ ಅನ್ನೋದಕ್ಕೆ ಅದೇ ಸಾಕ್ಷಿಯಾಯಿತು.

ಮನುಷ್ಯರಲ್ಲಿ ತಾಯಿಯ ಆಂಟಿಬಾಡಿ ಮಾಸಿನ ಮೂಲಕ ನೇರವಾಗಿ ಮಗುವಿನ ರಕ್ತಕ್ಕೆ ಹೋಗುತ್ತದೆ, ಆಮೇಲೆ ಎದೆಹಾಲಲ್ಲೂ ಸಿಗುತ್ತದೆ. ಹಕ್ಕಿಗೆ ಎರಡೂ ಇಲ್ಲ. ಮೊಟ್ಟೆ ಇಟ್ಟ ಮೇಲೆ ಚಿಪ್ಪಿನೊಳಗೆ ಏನನ್ನೂ ಸೇರಿಸುವ ಹಾಗಿಲ್ಲ. ಕೊಡಬೇಕಾದ್ದನ್ನೆಲ್ಲ ಮೊದಲೇ ಬುತ್ತಿ ಕಟ್ಟಿ ಇಡಬೇಕು. ಕೋಳಿಯ ಹೊಟ್ಟೆಯೊಳಗೆ ಒಂದು ಹಳದಿ ಉಂಡೆ ದಪ್ಪಗಾಗುವುದು ಹೆಚ್ಚುಕಮ್ಮಿ ಕೊನೆಯ ಒಂದು ವಾರ, ಹತ್ತು ದಿನದಲ್ಲಿ. ತಾಯಿಯ ರಕ್ತದಿಂದ ಐಜಿವೈ ಎಂಬ ಆಂಟಿಬಾಡಿ ಹಳದಿಗೆ ಇಳಿಯುವುದೂ ಆಗಲೇ. ಒಂದು ಮೊಟ್ಟೆಯ ಹಳದಿಯಲ್ಲಿ ಹತ್ತಿರ ಹತ್ತಿರ 100 ಮಿಲಿಗ್ರಾಂ ಇರುತ್ತದೆ. (ಆಮ್ಲೆಟ್ ತಿಂದರೆ ಅದು ನಮಗೂ ಬರುತ್ತದಾ ಅಂದರೆ, ಇಲ್ಲ. ಬೆಂಕಿಗೆ ಬಿದ್ದರೆ ಕೆಡುತ್ತದೆ, ಉಳಿದದ್ದು ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ.)

ಹಳದಿ ಆದ ಮೇಲೆ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ. ಅದರಲ್ಲಿ ಬೇರೆ ಎರಡು ಬಗೆಯ ಆಂಟಿಬಾಡಿ, ಜೊತೆಗೆ ಲೈಸೋಜೈಮ್ ಇರುತ್ತದೆ. ಪೆನಿಸಿಲಿನ್ ಖ್ಯಾತಿಯ ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ಗುರುತಿಸಿದ್ದು ಇದನ್ನೇ. ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕೊರೆದು ಹಾಕುವ ಪದಾರ್ಥ. ಮೊಟ್ಟೆಯ ಬಿಳಿಯಲ್ಲಿ ಇದು ಜಾಸ್ತಿ. ಚಿಪ್ಪಿನ ಸಣ್ಣ ಸಣ್ಣ ರಂಧ್ರಗಳಿಂದ ಒಳನುಗ್ಗುವ ಬ್ಯಾಕ್ಟೀರಿಯಾಗೆ ಮೊದಲ ತಡೆ ಸಿಗುವುದು ಇಲ್ಲಿ.

ಕಾವಿಗಿಟ್ಟ ಮೇಲೆ ಹಳದಿಯ ಆಂಟಿಬಾಡಿ ನಿಧಾನವಾಗಿ ಭ್ರೂಣದ ರಕ್ತಕ್ಕೆ ಹೋಗುತ್ತದೆ. ಜೋರಾಗಿ ಹೋಗುವುದು 21 ದಿನದ ಕಾವಿನ ಕೊನೆಯ ಮೂರು ದಿನದಲ್ಲಿ. ಹಳದಿಯ ಚೀಲದ ಗೋಡೆಯಲ್ಲಿ ಐಜಿವೈಯನ್ನು ಹಿಡಿದು ಆಚೆ ದಾಟಿಸುವ ಒಂದು ಪ್ರೋಟೀನ್ ಇದೆ. 2004ರಲ್ಲಿ ಅಮೆರಿಕದ ವಿಜ್ಞಾನಿಗಳು ಅದನ್ನು ಗುರುತಿಸಿದಾಗ ಒಂದು ಅಚ್ಚರಿ ಕಾದಿತ್ತು. ಮನುಷ್ಯರಲ್ಲಿ ಮಾಸಿನ ಮೂಲಕ ಆಂಟಿಬಾಡಿ ಸಾಗಿಸುವ ಪ್ರೋಟೀನಿಗೂ ಇದಕ್ಕೂ ವಂಶದ ಸಂಬಂಧವೇ ಇರಲಿಲ್ಲ. ಕೆಲಸ ಒಂದೇ, ಸಲಕರಣೆ ಮಾತ್ರ ಬೇರೆ ಬೇರೆ ಕಡೆಯಿಂದ ಬಂದದ್ದು. ಮೊಟ್ಟೆಯೊಡೆಯುವ ಮುಂಚೆ ಉಳಿದ ಹಳದಿ ಚೀಲ ಪೂರ್ತಿ ಮರಿಯ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಹ್ಯಾಚರಿಯವರು ಒಂದು ದಿನದ ಮರಿಗಳನ್ನು ಡಬ್ಬದಲ್ಲಿ ತುಂಬಿ ಮೇವು ನೀರಿಲ್ಲದೆ ಬಸ್ಸಿನಲ್ಲಿ ದೂರದೂರಿಗೆ ಕಳಿಸುತ್ತಾರಲ್ಲ, ಅದು ಸಾಧ್ಯವಾಗಿರುವುದು ಹೊಟ್ಟೆಯಲ್ಲಿ ಉಳಿದ ಆ ಹಳದಿಯಿಂದ.

ಈಗ ಲೆಕ್ಕಕ್ಕೆ ಬರೋಣ. ತಾಯಿ ಕೊಟ್ಟ ಆಂಟಿಬಾಡಿಯನ್ನು ಮರಿ ಹೊಸದಾಗಿ ಮಾಡಿಕೊಳ್ಳಲಾರದು. ಅದು ಕರಗುತ್ತಾ ಹೋಗುತ್ತದೆ. ಕೋಳಿಮರಿಯಲ್ಲಿ ಸುಮಾರು ನಾಲ್ಕೂವರೆ ದಿನಕ್ಕೊಮ್ಮೆ ಅರ್ಧವಾಗುತ್ತದೆ. ಬ್ರಾಯ್ಲರ್ ಮರಿಯ ಮೈ ಬೇಗ ಬೆಳೆಯುವುದರಿಂದ ಅದರಲ್ಲಿ ಇನ್ನೂ ಬೇಗ ತೆಳುವಾಗುತ್ತದೆ. ಒಂದು ಮರಿ ಹುಟ್ಟುವಾಗ 64 ಪಾಲು ತಂದಿತು ಅಂತಿಟ್ಟುಕೊಳ್ಳಿ. 9ನೇ ದಿನಕ್ಕೆ 16 ಉಳಿಯುತ್ತದೆ, 18ನೇ ದಿನಕ್ಕೆ 4, 27ನೇ ದಿನಕ್ಕೆ 1. ಅದೇ ಶೆಡ್ಡಿನ ಇನ್ನೊಂದು ಮರಿಯ ತಾಯಿಯಲ್ಲಿ ಶಕ್ತಿ ಕಡಿಮೆಯಿತ್ತು, ಅದು ತಂದದ್ದು 16 ಪಾಲು ಮಾತ್ರ. ಅದರಲ್ಲಿ 9ನೇ ದಿನಕ್ಕೇ 4 ಉಳಿದಿರುತ್ತದೆ. ನೀವು ಹಾಕುವ ಲಸಿಕೆ ಹಿಡಿಯಬೇಕಾದರೆ ತಾಯಿಯ ಪಾಲು 4ಕ್ಕೆ ಇಳಿದಿರಬೇಕು ಅಂತಿಟ್ಟುಕೊಂಡರೆ ತೊಡಕು ಕಾಣುತ್ತದೆ. 9ನೇ ದಿನ ಹಾಕಿದರೆ ಮೊದಲ ಮರಿಯಲ್ಲಿ ಲಸಿಕೆ ವ್ಯರ್ಥ. 18ನೇ ದಿನದವರೆಗೆ ಕಾದರೆ ಎರಡನೆಯದು ಒಂಬತ್ತು ದಿನ ಸರಿಯಾದ ರಕ್ಷಣೆಯಿಲ್ಲದೆ ಓಡಾಡಿರುತ್ತದೆ. ಇಲ್ಲಿನ ಅಂಕಿಗಳು ಉದಾಹರಣೆಗೆ ಹೇಳಿದ್ದು, ಆದರೆ ಶೆಡ್ಡುಗಳಲ್ಲಿ ಆಗುವುದು ಇದೇ.

ಲಸಿಕೆ ವ್ಯರ್ಥ ಆಗುವುದು ಹೇಗೆ? ಲಸೋಟಾದಂಥ ಲಸಿಕೆಯಲ್ಲಿ ಇರುವುದು ಜೀವಂತ ವೈರಸ್, ಸೌಮ್ಯ ತಳಿಯದ್ದು. ಅದು ಮರಿಯ ಮೈಯಲ್ಲಿ ಒಂದಿಷ್ಟು ಬೆಳೆದರೆ ಮಾತ್ರ ಮರಿ ತನ್ನದೇ ಆಂಟಿಬಾಡಿ ತಯಾರಿಸಲು ಕಲಿಯುತ್ತದೆ. ತಾಯಿಯ ಆಂಟಿಬಾಡಿಗೆ ಲಸಿಕೆಯ ವೈರಸ್ ಯಾವುದು, ರೋಗದ ವೈರಸ್ ಯಾವುದು ಅನ್ನೋ ಭೇದ ಗೊತ್ತಿಲ್ಲ. ಬಂದದ್ದನ್ನು ಹಿಡಿದು ಮುಗಿಸಿಬಿಡುತ್ತದೆ. ಅಷ್ಟರಲ್ಲಿ ತನ್ನ ಪಾಲನ್ನೂ ಒಂದಿಷ್ಟು ಖರ್ಚು ಮಾಡಿಕೊಂಡಿರುತ್ತದೆ. ಹತ್ತು ದಿನ ಕಳೆದ ಮೇಲೆ ನಿಜವಾದ ವೈರಸ್ ಬಂದರೆ ತಾಯಿಯದ್ದೂ ಇಲ್ಲ, ಮರಿಯದ್ದೂ ಇಲ್ಲ. ಮನುಷ್ಯರ ಮಕ್ಕಳಿಗೆ ದಡಾರ ಲಸಿಕೆಯನ್ನು ಹುಟ್ಟಿದ ಕೂಡಲೇ ಕೊಡದೆ 9 ತಿಂಗಳು ಕಾಯುತ್ತಾರಲ್ಲ, ಅದಕ್ಕೂ ಮುಖ್ಯ ಕಾರಣ ತಾಯಿಯ ಆಂಟಿಬಾಡಿಯೇ.

ಲಸೋಟಾವನ್ನು ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಬಿಡಿ ಅಂತ ಪಶುವೈದ್ಯರು ಒತ್ತಿ ಹೇಳುವುದರ ಹಿಂದೆ ಈ ಲೆಕ್ಕವೇ ಇದೆ. ತಾಯಿಯ ಐಜಿವೈ ಮುಖ್ಯವಾಗಿ ರಕ್ತದಲ್ಲಿ ಓಡಾಡುತ್ತಿರುತ್ತದೆ. ಕಣ್ಣು, ಮೂಗು, ಗಂಟಲಿನ ಒಳಪೊರೆಯಲ್ಲಿ ಅದರ ಕಾವಲು ಅಷ್ಟಿಲ್ಲ. ಅಲ್ಲಿ ಬಿಟ್ಟ ಲಸಿಕೆ ಸ್ವಲ್ಪವಾದರೂ ಬೇರೂರುತ್ತದೆ. ಕಣ್ಣಿನ ಹಿಂದಿರುವ ಗ್ರಂಥಿಯೊಂದು ಅಲ್ಲೇ ಆಂಟಿಬಾಡಿ ಮಾಡಲು ಶುರು ಮಾಡುತ್ತದೆ. ಮರಿಯನ್ನು ಅಂಗೈಯಲ್ಲಿ ಒರಗಿಸಿ, ಹನಿ ಬಿಟ್ಟು, ಅದು ಕಣ್ಣು ಮಿಟುಕಿಸುವವರೆಗೆ ಕೈ ಬಿಡಬಾರದು. ನೂರಾರು ಮರಿಗೆ ಹೀಗೆ ಮಾಡುವುದು ಬೇಸರದ ಕೆಲಸ, ನಿಜ. ಹಾಗಂತ ಎಷ್ಟೋ ಜನ ಕುಡಿಯುವ ನೀರಿಗೆ ಬೆರೆಸಿ ಕೈತೊಳೆದುಕೊಳ್ಳುತ್ತಾರೆ. ನಲ್ಲಿ ನೀರಲ್ಲಿ ಕ್ಲೋರಿನ್ ಇದ್ದರೆ ಲಸಿಕೆಯ ವೈರಸ್ ಅಲ್ಲೇ ಸಾಯುತ್ತದೆ. ನೀರಿಗೆ ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ ಅಂತ ಹೇಳುವುದು ಅದಕ್ಕೇ.

ಗಂಬೋರೋ ರೋಗದಲ್ಲಿ ವಿಷಯ ಇನ್ನೂ ಸೂಕ್ಷ್ಮ. 1957ರಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ಗಂಬೋರೋ ಪ್ರದೇಶದಲ್ಲಿ ಮೊದಲು ಕಂಡದ್ದಕ್ಕೆ ಆ ಹೆಸರು. ಈ ವೈರಸ್ ದಾಳಿ ಮಾಡುವುದು ಮರಿಯ ಗುದದ್ವಾರದ ಹತ್ತಿರ ಇರುವ ಬರ್ಸಾ ಎಂಬ ಪುಟ್ಟ ಚೀಲದ ಮೇಲೆ. ಆ ಚೀಲದ ಕೆಲಸ ಏನು ಅಂತ ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಬರ್ಸಾ ಕತ್ತರಿಸಿ ತೆಗೆದು ಕೋಳಿಗಳನ್ನು ಸಾಕಿದ್ದ. ಅವನ ಗೆಳೆಯನೊಬ್ಬ ತರಗತಿಯಲ್ಲಿ ಆಂಟಿಬಾಡಿ ಪಾಠ ತೋರಿಸಲು ಅವೇ ಕೋಳಿಗಳನ್ನು ತಗೊಂಡು ಹೋದ. ಅವು ಆಂಟಿಬಾಡಿಯನ್ನೇ ಮಾಡಲಿಲ್ಲ. ಪಾಠ ಕೆಟ್ಟಿತು, ಆದರೆ ಆಂಟಿಬಾಡಿ ಮಾಡುವ ಕಣಗಳು ತಯಾರಾಗುವ ಜಾಗ ಸಿಕ್ಕಿತು. ದೊಡ್ಡ ಪತ್ರಿಕೆ ಆ ಲೇಖನವನ್ನು ತಿರಸ್ಕರಿಸಿತು. ಕೊನೆಗೆ 1956ರಲ್ಲಿ ಅದು ಪ್ರಕಟವಾದದ್ದು ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ. ಇವತ್ತು ಮನುಷ್ಯರ ವೈದ್ಯಕೀಯದಲ್ಲೂ ಆಡುವ ಬಿ ಕಣ ಅನ್ನೋ ಹೆಸರಿನ 'ಬಿ' ಬಂದದ್ದು ಈ ಬರ್ಸಾದಿಂದಲೇ.

ಮೂರು ವಾರಕ್ಕಿಂತ ಚಿಕ್ಕ ಮರಿಗೆ ಗಂಬೋರೋ ತಗುಲಿದರೆ ಅದು ಸಾಯದೇ ಇರಬಹುದು. ನೋಡಲು ಚೆನ್ನಾಗೇ ಇರುತ್ತದೆ. ಆದರೆ ಬರ್ಸಾ ಹಾಳಾಗಿರುತ್ತದೆ. ಆಮೇಲೆ ಯಾವ ಲಸಿಕೆ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ರಾಣಿಖೇತ್ ಲಸಿಕೆ ಕೈಕೊಟ್ಟಿತು ಅಂತ ಬೈಯುವ ಎಷ್ಟೋ ಕಡೆ ಅಸಲಿ ಕಳ್ಳ ಗಂಬೋರೋ ಆಗಿರಬಹುದು. ಈ ಮೂರು ವಾರ ಬರ್ಸಾವನ್ನು ಮುಖ್ಯವಾಗಿ ಕಾಯುವುದು ತಾಯಿಯ ಆಂಟಿಬಾಡಿಯೇ. ದೊಡ್ಡ ಬ್ರೀಡರ್ ಫಾರ್ಮುಗಳಲ್ಲಿ (ಮರಿ ಮಾಡಿಸಲು ತಾಯಿ ಕೋಳಿ ಸಾಕುವ ಕಡೆ) ಹೇಂಟೆಗಳು ಮೊಟ್ಟೆಗೆ ಬರುವ ಮುಂಚೆ, 16ರಿಂದ 18 ವಾರದ ವಯಸ್ಸಿನಲ್ಲಿ, ಎಣ್ಣೆ ಬೆರೆಸಿದ ನಿರ್ಜೀವ ಲಸಿಕೆ ಚುಚ್ಚುವುದು ಈ ಕಾರಣಕ್ಕೇ. ಆ ಚುಚ್ಚುಮದ್ದಿನ ಲಾಭ ಹೇಂಟೆಗಿಂತ ಮರಿಗೆ ಜಾಸ್ತಿ.

ಮರಿಗೆ ಗಂಬೋರೋ ಲಸಿಕೆ ಯಾವ ದಿನ ಹಾಕಬೇಕು ಅನ್ನೋದಕ್ಕೆ ಡೆವೆಂಟರ್ ಸೂತ್ರ ಅಂತ ಒಂದಿದೆ. ಕೆಲವು ಮರಿಗಳ ರಕ್ತ ತೆಗೆದು ತಾಯಿಯ ಆಂಟಿಬಾಡಿ ಎಷ್ಟಿದೆ ಅಂತ ಅಳೆದು, ಅದು ಯಾವ ದಿನಕ್ಕೆ ಲಸಿಕೆ ಹಿಡಿಯುವ ಮಟ್ಟಕ್ಕೆ ಇಳಿಯುತ್ತದೆ ಅಂತ ಲೆಕ್ಕ ಹಾಕುವುದು. ದೊಡ್ಡ ಕಂಪನಿಗಳು ಮಾಡುತ್ತವೆ. ಐನೂರು ಮರಿ ಸಾಕುವವರು ಎಲ್ಲಿಗೆ ಹೋಗಿ ರಕ್ತ ಕೊಡಬೇಕು? ಅವರಿಗೆ ಸಿಗುವುದು "14ನೇ ದಿನ" ಅಂತ ಅಚ್ಚು ಹಾಕಿದ ಒಂದು ಚೀಟಿ. ಆ 14 ಸರಾಸರಿ ತಾಯಿಯ ಸರಾಸರಿ ಮರಿಗೆ ಹೊಂದುವ ಅಂಕಿ. ಇತ್ತೀಚಿನ ಕೆಲವು ಲಸಿಕೆಗಳು ತಾಯಿಯ ಅಡ್ಡಿಯನ್ನು ಜಾಣತನದಿಂದ ದಾಟುತ್ತವೆ. ಒಂದು ಬಗೆಯಲ್ಲಿ ಲಸಿಕೆಯ ವೈರಸ್ಸಿಗೆ ಆಂಟಿಬಾಡಿಯನ್ನು ಮೊದಲೇ ಅಂಟಿಸಿ, ಕಾವಿನ 18ನೇ ದಿನ ಮೊಟ್ಟೆಯೊಳಗೋ ಹುಟ್ಟಿದ ದಿನ ಮರಿಗೋ ಚುಚ್ಚುತ್ತಾರೆ. ತಾಯಿಯ ಪಾಲು ಕರಗುವ ಹೊತ್ತಿಗೆ ವೈರಸ್ ಬಿಡುಗಡೆಯಾಗುತ್ತದೆ. ಆಯಾ ಮರಿ ತನ್ನದೇ ದಿನವನ್ನು ಆರಿಸಿಕೊಂಡ ಹಾಗೆ. ಆದರೆ ಇದು ಹ್ಯಾಚರಿಯಲ್ಲಿ ಆಗಬೇಕಾದ ಕೆಲಸ, ಹಿತ್ತಲಲ್ಲಿ ಆಗುವಂಥದ್ದಲ್ಲ.

ಕಾಡುಹಕ್ಕಿಗಳ ಕಡೆ ನೋಡಿದರೆ ಇದೇ ವ್ಯವಸ್ಥೆ ಎಷ್ಟು ಬಗೆಯಾಗಿದೆ ಅಂತ ಗೊತ್ತಾಗುತ್ತದೆ. ನಾಲ್ಕೂವರೆ ದಿನ ಅನ್ನೋದು ಕೋಳಿಯ ಲೆಕ್ಕ, ಎಲ್ಲ ಹಕ್ಕಿಯದ್ದಲ್ಲ. ಕೋರಿ ಶಿಯರ್‌ವಾಟರ್ ಅಂತ ಒಂದು ಕಡಲಹಕ್ಕಿ ಇದೆ. ವರ್ಷಕ್ಕೆ ಒಂದೇ ಮೊಟ್ಟೆ. ಮರಿ ಸುಮಾರು ಮೂರು ತಿಂಗಳು ಗೂಡಲ್ಲೇ ಕೂತಿರುತ್ತದೆ. ಫ್ರಾನ್ಸ್ ಮತ್ತು ಸ್ಪೇನಿನ ಸಂಶೋಧಕರು ಈ ಹಕ್ಕಿಯ ತಾಯಂದಿರಿಗೆ ರಾಣಿಖೇತ್ ಲಸಿಕೆ ಹಾಕಿ ಮರಿಗಳ ರಕ್ತ ನೋಡಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ತಾಯಿಯ ಆಂಟಿಬಾಡಿ ಅರ್ಧವಾಗಲು ತಗೊಂಡ ಸಮಯ 25 ದಿನ! ಗೂಡಲ್ಲಿ ಹೆಚ್ಚು ದಿನ ಕೂರುವ ಮರಿಗೆ ತಾಯಿಯ ಕಾವಲೂ ಹೆಚ್ಚು ದಿನ. ಒಂದು ರೋಗಕ್ಕೆ ಇಡೀ ತಲೆಮಾರು ಸಾಯುವ ಕಡಲಹಕ್ಕಿಗಳ ದ್ವೀಪಗಳಿಗೆ ಇದು ಭರವಸೆಯ ಸುದ್ದಿ. ತಾಯಿಗೆ ಲಸಿಕೆ ಹಾಕಿದರೆ ಮರಿ ಉಳಿಯುತ್ತದಾ ಅನ್ನೋ ಪ್ರಶ್ನೆ ಅಲ್ಲಿ ಗಂಭೀರವಾಗಿ ಎದ್ದಿದೆ. ಹಿಂದೂ ಮಹಾಸಾಗರದ ದಕ್ಷಿಣದಲ್ಲಿರುವ ಆಮ್‌ಸ್ಟರ್‌ಡ್ಯಾಂ ದ್ವೀಪದಲ್ಲಿ ಕೋಳಿ ಕಾಲರಾದಿಂದ ಆಲ್ಬಟ್ರಾಸ್ ಮರಿಗಳು ವರ್ಷ ವರ್ಷವೂ ಸಾಯುತ್ತಿವೆ.

ತಾಯಿ ಮರಿಗೆ ಕೊಡುವುದು ತಾನಿದ್ದ ಜಾಗದ ರೋಗಗಳ ಅನುಭವವನ್ನು. ನಾರ್ವೆಯ ಕಡಲ ಬಂಡೆಗಳ ಮೇಲೆ ಕಿಟಿವೇಕ್ ಎಂಬ ಹಕ್ಕಿ ಗೂಡು ಕಟ್ಟುತ್ತದೆ. ಅಲ್ಲಿ ಉಣ್ಣಿ ಕಾಟ, ಉಣ್ಣಿಯ ಜೊತೆ ಲೈಮ್ ರೋಗದ ಬ್ಯಾಕ್ಟೀರಿಯಾ. ಉಣ್ಣಿ ಜಾಸ್ತಿ ಇರುವ ಕಡೆಯ ತಾಯಂದಿರ ಮೊಟ್ಟೆಯಲ್ಲಿ ಆ ಬ್ಯಾಕ್ಟೀರಿಯಾ ವಿರುದ್ಧದ ಆಂಟಿಬಾಡಿ ಜಾಸ್ತಿ ಕಂಡಿತು. ಮರಿ ಹುಟ್ಟಿ ಬೀಳುವುದು ಅದೇ ಬಂಡೆಯ ಮೇಲೆ, ಅದೇ ಉಣ್ಣಿಯ ನಡುವೆ. ಅಲ್ಲಿಗೆ ಹೇಳಿ ಮಾಡಿಸಿದ ರಕ್ಷಣೆ. ಹ್ಯಾಚರಿ ಮರಿಯಲ್ಲಿ ತಪ್ಪಿಹೋಗುವುದು ಇದೇ ಕೊಂಡಿ. ತಾಯಿ ಒಂದು ಜಿಲ್ಲೆಯ ಶೆಡ್ಡಿನಲ್ಲಿ, ಮರಿ ಇನ್ನೊಂದು ಜಿಲ್ಲೆಯ ಹಿತ್ತಲಲ್ಲಿ. ತಾಯಿ ಕಂಡ ರೋಗ ಬೇರೆ, ಮರಿ ಕಾಣುವ ರೋಗ ಬೇರೆ.

ತಾಯಿ ಕೊಡುವುದೆಲ್ಲ ಒಳ್ಳೆಯದೇ ಅಂದುಕೊಳ್ಳಬೇಡಿ. ಹಳದಿಯಲ್ಲಿ ಹಾರ್ಮೋನೂ ಇರುತ್ತದೆ. 1993ರಲ್ಲಿ ಹ್ಯೂಬರ್ಟ್ ಶ್ವಾಬ್ಲ್ ಎಂಬ ವಿಜ್ಞಾನಿ ಕ್ಯಾನರಿ ಹಕ್ಕಿಗಳಲ್ಲಿ ಇದನ್ನು ತೋರಿಸಿದರು. ತಾಯಿ ಮೊದಲ ಮೊಟ್ಟೆಗಿಂತ ಕೊನೆಯ ಮೊಟ್ಟೆಗೆ ಟೆಸ್ಟೋಸ್ಟೆರಾನ್ ಜಾಸ್ತಿ ಹಾಕುತ್ತದೆ. ತಡವಾಗಿ ಹುಟ್ಟಿದ ಸಣ್ಣ ಮರಿ ಅಣ್ಣಂದಿರ ನಡುವೆ ಕೂಗಾಡಿ ತುತ್ತು ಕಿತ್ತುಕೊಳ್ಳಲಿ ಅಂತಿರಬಹುದು. ಆದರೆ ನೆದರ್ಲೆಂಡ್ಸಿನಲ್ಲಿ ಕಪ್ಪುತಲೆಯ ಕಡಲಹಕ್ಕಿಯ ಮೊಟ್ಟೆಗೆ ಇಂಥ ಹಾರ್ಮೋನ್ ಚುಚ್ಚಿ ನೋಡಿದಾಗ ಮರಿಗಳ ರೋಗನಿರೋಧಕ ಪ್ರತಿಕ್ರಿಯೆ ತಗ್ಗಿತ್ತು. ಬೆಳವಣಿಗೆಗೆ ಕೊಟ್ಟದ್ದನ್ನು ರಕ್ಷಣೆಯಿಂದ ಕಿತ್ತುಕೊಂಡಂತಾಯಿತು. (ಚಳಿಗಾಲದಲ್ಲಿ ನಮ್ಮ ಕರಾವಳಿಗೂ ಬರುವ ಹಕ್ಕಿ ಇದು.) ಇನ್ನು ಕೆಲವು ರೋಗಗಳು ನೇರವಾಗಿ ತಾಯಿಯಿಂದಲೇ ಮೊಟ್ಟೆಗೆ ಇಳಿಯುತ್ತವೆ. ಪುಲ್ಲೋರಂ ಅನ್ನೋ ಬಿಳಿಭೇದಿ ಹಾಗೆ ಬರುವಂಥದ್ದು, ಉಸಿರಾಟದ ಕಾಯಿಲೆ ತರುವ ಮೈಕೋಪ್ಲಾಸ್ಮಾ ಕೂಡ. ಒಳ್ಳೆಯ ಬ್ರೀಡರ್ ಫಾರ್ಮಿನಲ್ಲಿ ಹೇಂಟೆಗಳ ರಕ್ತ ಪರೀಕ್ಷೆ ಮಾಡಿ ಸೋಂಕಿರುವುದನ್ನು ತೆಗೆದುಹಾಕುವುದು ಅದಕ್ಕೆ.

ಚಿಪ್ಪಿನ ಹೊರಗೂ ತಾಯಿಯ ಕೈವಾಡ ಇದೆ. ನಮ್ಮ ಹೊಲದ ಬದುಗಳಲ್ಲಿ ಕಾಣುವ ಚಂದ್ರಮುಕುಟವನ್ನೇ ನೋಡಿ. ತಲೆ ಮೇಲೆ ಚೆಂದದ ಜುಟ್ಟು, ಗೂಡು ಮಾತ್ರ ಗಬ್ಬುವಾಸನೆ. ಕಾವು ಕೂತ ಹೆಣ್ಣಿನ ಬಾಲದ ಬುಡದ ಗ್ರಂಥಿಯಿಂದ ಕಂದು ಬಣ್ಣದ, ನಾರುವ ಎಣ್ಣೆ ಬರುತ್ತದೆ. ಅದರ ತುಂಬ ಬ್ಯಾಕ್ಟೀರಿಯಾ. ಹೆಣ್ಣು ಅದನ್ನು ಕೊಕ್ಕಿನಿಂದ ತೆಗೆದು ಮೊಟ್ಟೆಗೆ ಬಳಿಯುತ್ತದೆ. ಇಟ್ಟಾಗ ನೀಲಿಛಾಯೆಯಿದ್ದ ಮೊಟ್ಟೆ ಕೆಲವೇ ದಿನದಲ್ಲಿ ಕಂದಾಗುತ್ತದೆ. ಚಿಪ್ಪಿನ ಮೇಲೆ ಎಣ್ಣೆ ನಿಲ್ಲಲು ಅಂತಲೇ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿವೆ. ಈ ಬ್ಯಾಕ್ಟೀರಿಯಾಗಳು ಬೇರೆ ಕೆಟ್ಟ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಸ್ಪೇನಿನ ಸಂಶೋಧಕರು ಹೆಣ್ಣಿಗೆ ಆ ಎಣ್ಣೆ ಸಿಗದಂತೆ ಮಾಡಿದಾಗ ಮೊಟ್ಟೆಯೊಡೆದ ಮರಿಗಳು ಕಡಿಮೆಯಾದವು. ಪಾರಿವಾಳದಲ್ಲಂತೂ ತಂದೆಯೂ ಪಾಲುದಾರ. ಗಂಡು ಹೆಣ್ಣು ಎರಡೂ ಗಂಟಲ ಚೀಲದಲ್ಲಿ ಹಾಲಿನಂಥ ಮುದ್ದೆ ಮಾಡಿ ಮರಿಗೆ ಉಣಿಸುತ್ತವೆ, ಅದರಲ್ಲೂ ಆಂಟಿಬಾಡಿ ಇದೆ.

ಇದೆಲ್ಲ ಈಗ ಯಾಕೆ ಮುಖ್ಯ ಅಂದರೆ, ಹಕ್ಕಿಜ್ವರ. ಭಾರತದಲ್ಲಿ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಗೇ ಬಂತು, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ಹಳ್ಳಿಗೆ. ಹಕ್ಕಿಜ್ವರದ ಎಚ್5ಎನ್1 ವೈರಸ್ ಕಂಡರೆ ಸುತ್ತ ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಲ್ಲುವುದು ನಮ್ಮಲ್ಲಿ ನಡೆದುಬಂದ ಕ್ರಮ. ಫ್ರಾನ್ಸ್ ಬೇರೆ ದಾರಿ ಹಿಡಿದು 2023ರ ಅಕ್ಟೋಬರಿನಿಂದ ಬಾತುಗಳಿಗೆ ಲಸಿಕೆ ಹಾಕುತ್ತಿದೆ. ನಮ್ಮಲ್ಲೂ ಲಸಿಕೆ ಯಾಕಿಲ್ಲ ಅಂತ ಉದ್ಯಮದವರು ಕೇಳುತ್ತಿದ್ದಾರೆ. ಕೇಳುವುದು ಸರಿಯೇ. ಆದರೆ ಈ ಚರ್ಚೆಯಲ್ಲಿ ತಾಯಿ ಕೋಳಿಯ ಮಾತು ಬರುವುದು ಅಪರೂಪ. ಬ್ರೀಡರ್ ಹೇಂಟೆಗೆ ಲಸಿಕೆ ಹಾಕಿದರೆ ಅದರ ಮರಿಗೆ ಹಾಕುವ ಲಸಿಕೆ ಹಿಡಿಯುವುದು ಕಷ್ಟವಾಗುತ್ತದೆ, ಇದು ಪ್ರಯೋಗಗಳಲ್ಲಿ ಕಂಡ ಮಾತು. ಇನ್ನೊಂದು ತಲೆನೋವೂ ಇದೆ. ಎಳೆಯ ಮರಿಯ ರಕ್ತದಲ್ಲಿ ಆಂಟಿಬಾಡಿ ಸಿಕ್ಕರೆ ಅದು ಸೋಂಕು ತಗುಲಿ ಬಂದದ್ದೋ, ತಾಯಿ ಕೊಟ್ಟದ್ದೋ? ಅದನ್ನು ಬೇರ್ಪಡಿಸದೆ ಕಣ್ಗಾವಲು ಇಡುವುದು ಹೇಗೆ?

ನಾಟಿ ಕೋಳಿ, ಗಿರಿರಾಜ ಸಾಕುವ ಸಣ್ಣ ರೈತರಿಗೆ ಇದರಿಂದ ಸಿಗುವ ಉಪಯೋಗ ಸರಳ. ಮನೆಯ ಹೇಂಟೆಯನ್ನೇ ಕಾವಿಗೆ ಕೂರಿಸುವವರು ಅದು ಮೊಟ್ಟೆಗೆ ಬರುವ ಮುಂಚೆ ರಾಣಿಖೇತ್ ಲಸಿಕೆ ಮುಗಿಸಿರಬೇಕು. ಎಲ್ಲ ಹೇಂಟೆಗೂ ಒಟ್ಟಿಗೆ ಹಾಕಿಸಿದರೆ ಇನ್ನೂ ಒಳ್ಳೆಯದು, ಮರಿಗಳ ಪಾಲು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಮೊದಲ ವಾರದ ಕಣ್ಣಿನ ಹನಿಯೊಂದನ್ನೇ ನಂಬಿ ಕೂರಬಾರದು, ನಾಲ್ಕನೇ ವಾರದ ಎರಡನೇ ಸುತ್ತನ್ನು ತಪ್ಪಿಸಬಾರದು. ಅಷ್ಟೊತ್ತಿಗೆ ತಾಯಿಯ ಪಾಲು ಬಹುತೇಕ ಎಲ್ಲ ಮರಿಗಳಲ್ಲೂ ಕರಗಿರುತ್ತದೆ, ಲಸಿಕೆ ಹಿಡಿಯುತ್ತದೆ. ಹ್ಯಾಚರಿಯಿಂದ ಮರಿ ತರುವವರು ಬಿಲ್ಲಿನ ಜೊತೆ ಇನ್ನೆರಡು ವಿಷಯ ಬರೆಸಿಕೊಳ್ಳಲಿ: ತಾಯಿ ಹಿಂಡಿನ ವಯಸ್ಸು, ಅದಕ್ಕೆ ಕೊನೆಯದಾಗಿ ರಾಣಿಖೇತ್ ಮತ್ತು ಗಂಬೋರೋ ಲಸಿಕೆ ಹಾಕಿದ ತಿಂಗಳು. ಸದ್ಯ ಬಿಲ್ಲಿನಲ್ಲಿ ಮರಿಯ ಸಂಖ್ಯೆ, ದರ, ಬಿಟ್ಟಿ ಕೊಟ್ಟ ಎರಡು ಮರಿಯ ಲೆಕ್ಕ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಪಶುಪಾಲನಾ ಇಲಾಖೆ ಇದನ್ನು ಕಡ್ಡಾಯ ಮಾಡಿದರೆ ಹ್ಯಾಚರಿಗೆ ಖರ್ಚಾಗುವುದು ಒಂದು ರಬ್ಬರ್ ಸ್ಟಾಂಪಿನಷ್ಟು.